ಗುಟ್ಟು ಹೇಳುವವರ ಬಾಯಿ

ಒಂದು ವಿಚಿತ್ರ ಗಮನಿಸಿದ್ದೀರಾ? ಬಾಯಿ ಚೆನ್ನಾಗಿರುವವರೆಲ್ಲ ಎರಡು ಮಾರು ದೂರ ನಿಂತು ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಾರೆ. ಬಾಯಿ ನಾರುವವರಿಗೇ ಗುಟ್ಟು ಜಾಸ್ತಿ. ಮದುವೆಮನೆಯಲ್ಲಿ ಕೈಹಿಡಿದು ಕಂಬದ ಮರೆಗೆ ಎಳೆದುಕೊಂಡು ಹೋಗಿ, ನಮ್ಮ ಮೂಗಿಗೆ ಮೂರೇ ಬೆರಳು ದೂರದಲ್ಲಿ ಬಾಯಿ ತಂದು, "ಹುಡುಗಿ ಹಾಕಿಕೊಂಡಿರೋ ಹವಳದ ಸರ ಅವಳದ್ದಲ್ಲವಂತೆ ಕಣ್ರೀ" ಎಂದು ಉಸುರುತ್ತಾರೆ. ನಾವು ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. ಸುದ್ದಿಯ ಹೊಡೆತಕ್ಕೆ ನಮ್ಮ ಉಸಿರೇ ನಿಂತುಹೋಯಿತೆಂದು ಅವರಿಗೆ ಹುರುಪು ಬಂದು ಇನ್ನೆರಡು ಗುಟ್ಟು ಬಿಚ್ಚುತ್ತಾರೆ. ಕನ್ನಡದಲ್ಲಿ 'ಉಸುರು' ಅಂದರೆ ಉಸಿರಾಡುವುದೂ ಹೌದು, ಹೇಳುವುದೂ ಹೌದು. ಇಂಥವರ ಕೈಗೆ ಸಿಕ್ಕಿಬಿದ್ದ ಯಾರೋ ಪುಣ್ಯಾತ್ಮರೇ ಈ ಶಬ್ದಕ್ಕೆ ಎರಡು ಅರ್ಥ ಕೊಟ್ಟಿರಬೇಕು.

ಹೋಗಲಿ, ಅವರಿಗೆ ಹೇಳುವವರು ಯಾರು? ಅಂಗಿಯ ಬೆನ್ನಿಗೆ ಸುಣ್ಣ ಹತ್ತಿದ್ದರೆ ಹೇಳುತ್ತೇವೆ. ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ ಸೊಪ್ಪು ಇದ್ದರೆ ಸನ್ನೆ ಮಾಡುತ್ತೇವೆ. ಕೊಟ್ಟ ಸಾಲವನ್ನೂ ಒಂದು ದಿನ ಧೈರ್ಯ ಮಾಡಿ ಕೇಳುತ್ತೇವೆ. ಇದೊಂದನ್ನು ಮಾತ್ರ ಹೇಳುವುದಿಲ್ಲ. ಅವರ ಮೂಗಾದರೂ ಹೇಳಬಹುದಿತ್ತು. ಆದರೆ ಹಗಲೂ ರಾತ್ರಿ ಅದೇ ವಾಸನೆ ಕುಡಿದು ಒಗ್ಗಿಹೋದ ಮೂಗು, ಸಂಬಳ ಎಣಿಸಿಕೊಂಡು ನಿದ್ದೆ ಹೊಡೆಯುವ ರಾತ್ರಿ ಕಾವಲುಗಾರನ ಹಾಗೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವುದು ಅನ್ನುವ ಗಾದೆ ಈ ರೋಗಕ್ಕೆಂದೇ ಹುಟ್ಟಿದ್ದು.

ನಮ್ಮ ಮನೆಯ ಹೆಗ್ಗಣದ ಕಥೆ ಹೇಳುತ್ತೇನೆ. ಇವರು, ಅಂದರೆ ನಮ್ಮ ಯಜಮಾನರು, ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಮದುವೆಯಾದ ಹೊಸದರಲ್ಲೇ ನನಗೆ ವಿಷಯ ಗೊತ್ತಾಯಿತು. ಹೊಸ ಸೊಸೆ, ಏನಂತ ಹೇಳುವುದು? ಉಪಾಯ ಹುಡುಕಿದೆ. ಶಾಲೆಗೆ ಹೊರಟಾಗ ಅಂಗಿಯ ಜೇಬಿಗೆ ನಾಲ್ಕು ಏಲಕ್ಕಿ ಹಾಕತೊಡಗಿದೆ. ಅದನ್ನು ಪ್ರೀತಿ ಎಂದುಕೊಂಡ ಇವರು ಹತ್ತಿರ ಬಂದು ಥ್ಯಾಂಕ್ಸ್ ಹೇಳತೊಡಗಿದರು. ಲವಂಗ ಕೊಟ್ಟೆ, ಹಲ್ಲುನೋವಿಗೆ ಅಂತ ಎತ್ತಿಟ್ಟರು. ಸೋಂಪು ಕೊಟ್ಟೆ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದರು. ಹೀಗೆ ಮೂರು ದಶಕ ನನ್ನ ಸಾಂಬಾರ ಡಬ್ಬಿ ಬರಿದಾದದ್ದೇ ಬಂತು.

ಕೊನೆಗೆ ಬೆಕ್ಕಿಗೆ ಗಂಟೆ ಕಟ್ಟಿದ್ದು ಬೇಸಿಗೆ ರಜೆಗೆ ಬಂದ ಮೊಮ್ಮಗಳು. ಇವರು ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು. ರಾಕ್ಷಸನ ಗುಹೆಯ ಹತ್ತಿರ ಬಂದಾಗ ಮಗು ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡು, "ಅಜ್ಜ, ಗುಹೆ ವಾಸನೆ ನಿಮ್ಮ ಬಾಯಿಂದಾನೇ ಬರ್ತಿದೆ" ಅಂದಿತು. ಮನೆ ಗಪ್ ಚುಪ್. ಒಳಗಿನಿಂದ ನಮ್ಮ ಅತ್ತೆ, ಎಂಬತ್ತೆಂಟರ ಮುದುಕಿ, "ಮಗು ಸುಳ್ಳು ಹೇಳೋದಿಲ್ಲ ಕಣೋ" ಎಂದು ಒಂದು ಒಗ್ಗರಣೆ ಹಾಕಿದರು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಒಂದು ಬಾಟಲಿ ಪ್ರತ್ಯಕ್ಷ. ಒಳಗೆ ಚೌತಿ ಪೆಂಡಾಲಿನ ಸೀರಿಯಲ್ ಲೈಟಿನಂಥ ನೀಲಿ ನೀರು. ಇವರು ಬಾಟಲಿಯನ್ನೇ ಬಾಯಿಗೆ ಕಚ್ಚಿಕೊಂಡು ಒಂದು ಗುಟುಕು ತುಂಬಿಸಿದರು. ಕೆನ್ನೆ ಎರಡೂ ಕೊಂಬು ಊದುವವನ ಕೆನ್ನೆಯ ಹಾಗೆ ಉಬ್ಬಿತು. ಕಣ್ಣು ಕೆಂಪಾಯಿತು, ನೀರು ಸುರಿಯಿತು. ಉಗಿದು, "ಹಾ! ಉರಿ ನೋಡು! ಒಂದು ಕ್ರಿಮಿ ಉಳಿದಿದ್ದರೆ ಕೇಳು" ಅಂದರು. ಉರಿದರೆ ಮದ್ದು, ಕಹಿಯಾದರೆ ಕಷಾಯ: ನಮ್ಮ ಗಂಡಸರ ವೈದ್ಯಶಾಸ್ತ್ರ ಇಷ್ಟೇ.

ಅತ್ತೆ ಬಾಟಲಿಯ ಮುಚ್ಚಳ ಮೂಗಿಗೆ ಹಿಡಿದು ಒಂದು ಕ್ಷಣ ಕಣ್ಣು ಮುಚ್ಚಿದರು. "ಇದರಲ್ಲಿ ಓಮ ಇದೆಯಲ್ಲೇ!" ಎಂದರು. ಇವರು ನಕ್ಕರು. ನಾನು ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ಥೈಮಾಲ್ ಅಂತ ಇತ್ತು. ಸಂಜೆ ಫೋನಿನಲ್ಲಿ ಮಗಳು ಹುಡುಕಿ ಹೇಳಿದ್ದು: ಥೈಮಾಲ್ ಅನ್ನುವುದು ಓಮದ ಎಣ್ಣೆಯ ಮುಖ್ಯ ಸತ್ವ, ಹಿಂದೆ ನಮ್ಮ ದೇಶದ ಓಮದಿಂದಲೇ ಅದನ್ನು ತೆಗೆಯುತ್ತಿದ್ದರು. ಮಗುವಿಗೆ ಹೊಟ್ಟೆನೋವೆಂದರೆ ನಾವು ಕುಡಿಸುತ್ತಿದ್ದ ಓಮದ ನೀರಿನ ದೂರದ ನೆಂಟ, ಕೋಟು ಹಾಕಿಕೊಂಡು ಇನ್ನೂರು ರೂಪಾಯಿ ಬೆಲೆ ಕಟ್ಟಿಸಿಕೊಂಡು ಬಂದಿದ್ದ. ಅತ್ತೆಯ ಮೂಗಿಗೆ ಆವತ್ತಿನಿಂದ ನಮ್ಮ ಮನೆಯಲ್ಲಿ ವಿಶೇಷ ಮರ್ಯಾದೆ.

ಈ ಜಾತಿಯ ನೀರಿಗೆಲ್ಲ ಒಬ್ಬ ಮೂಲಪುರುಷನಿದ್ದಾನೆ, ಲಿಸ್ಟರೀನ್. ಇದರ ಜಾತಕ ಕೇಳಿದರೆ ನಗು ಬರುತ್ತದೆ. 1879ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನ ಡಾಕ್ಟರ್ ಜೋಸೆಫ್ ಲಾರೆನ್ಸ್ ಇದನ್ನು ಕಲಸಿದ್ದು ಬಾಯಿಗೆಂದಲ್ಲ, ಆಪರೇಷನ್ನಿನಲ್ಲಿ ಗಾಯ ತೊಳೆಯುವುದಕ್ಕೆ. ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶಕ ಬಳಸಿ ಎಂದು ಜಗತ್ತಿಗೆ ಕಲಿಸಿದ ಬ್ರಿಟನ್ನಿನ ಜೋಸೆಫ್ ಲಿಸ್ಟರ್ ಅವರ ಹೆಸರನ್ನೇ ಇಟ್ಟರು. ಆಮೇಲೆ ಇದಕ್ಕೆ ಕೆಲಸ ಹುಡುಕುವ ಪರದಾಟ. ನೆಲ ಒರೆಸುವುದಕ್ಕಂತೆ, ಗುಹ್ಯರೋಗಕ್ಕಂತೆ, ತಲೆಹೊಟ್ಟಿಗಂತೆ. ಡಿಗ್ರಿ ಮುಗಿಸಿ ಸಿಕ್ಕ ಸಿಕ್ಕ ಅರ್ಜಿ ಹಾಕುವ ನಮ್ಮ ಹುಡುಗರ ಹಾಗೆಯೇ. 1895ರ ಹೊತ್ತಿಗೆ ಹಲ್ಲಿನ ಡಾಕ್ಟರುಗಳ ಮೇಜಿಗೆ ಬಂತು, 1914ರಲ್ಲಿ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗತೊಡಗಿತು. ಆದರೂ ಭಾಗ್ಯ ತೆರೆಯಲಿಲ್ಲ.

ಭಾಗ್ಯ ತೆರೆದದ್ದು 1920ರ ದಶಕದಲ್ಲಿ. ಮಾಲೀಕರಾದ ಲ್ಯಾಂಬರ್ಟ್ ಮನೆತನದವರು ವೈದ್ಯರ ಪುಸ್ತಕದ ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದು ಶಬ್ದ ಎತ್ತಿ ತಂದರು: ಹ್ಯಾಲಿಟೋಸಿಸ್. 'ಬಾಯಿ ನಾರುತ್ತೆ' ಅಂದರೆ ಯಾರೂ ಕಾಸು ಬಿಚ್ಚುವುದಿಲ್ಲ. 'ಹ್ಯಾಲಿಟೋಸಿಸ್ ಇದೆ' ಅಂದರೆ ರೋಗಕ್ಕೂ ಒಂದು ಗತ್ತು. ಜಾಹೀರಾತಿನ ತುಂಬ ಕಣ್ಣೀರಿಡುವ ಚೆಲುವೆಯರು. ಗೆಳತಿಯರಿಗೆಲ್ಲ ಮದುವೆ ಆಗುತ್ತದೆ, ಇವಳು ಮಾತ್ರ ಪ್ರತಿ ಮದುವೆಯಲ್ಲೂ ಕಳಶ ಹಿಡಿದ ಹುಡುಗಿಯಾಗಿಯೇ ಉಳಿಯುತ್ತಾಳೆ. ಕಾರಣ ಅವಳಿಗೆ ಗೊತ್ತಿಲ್ಲ, ಜೀವದ ಗೆಳತಿಯೂ ಹೇಳುವುದಿಲ್ಲ. ನಮ್ಮ ಕಡೆ ಹುಡುಗಿಯ ಮದುವೆ ನಿಧಾನವಾದರೆ ಕುಜದೋಷ ಅನ್ನುತ್ತೇವೆ, ಅಲ್ಲಿ ಬಾಯಿದೋಷ ಅಂದರು. ಎರಡಕ್ಕೂ ಶಾಂತಿಯ ಖರ್ಚು ಇದ್ದೇ ಇದೆ. ಯಾರೂ ಹೇಳುವುದಿಲ್ಲ ಅನ್ನುವ ನಮ್ಮ ಸಂಕೋಚವನ್ನೇ ಬಾಟಲಿಗೆ ತುಂಬಿ ಮಾರಿದರು ನೋಡಿ, ಆ ಬುದ್ಧಿಗೆ ಕೈಮುಗಿಯಬೇಕು. ನೆಗಡಿ, ಗಂಟಲುನೋವಿಗೂ ಇದೇ ಮದ್ದು ಎಂದು ದಶಕಗಟ್ಟಲೆ ಹೇಳಿಕೊಂಡು ಬಂದದ್ದಕ್ಕೆ ಮಾತ್ರ 1970ರ ದಶಕದಲ್ಲಿ ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗ ಕಿವಿ ಹಿಂಡಿತು. ನೆಗಡಿ ತಡೆಯುವುದಿಲ್ಲ, ಕಡಿಮೆ ಮಾಡುವುದೂ ಇಲ್ಲ ಎಂದು ತಮ್ಮದೇ ದುಡ್ಡಿನಲ್ಲಿ, ಸುಮಾರು ಒಂದು ಕೋಟಿ ಡಾಲರ್ ಜಾಹೀರಾತಿನಲ್ಲಿ, ತಾವೇ ಸಾರಬೇಕಾಯಿತು.

ಇದನ್ನೆಲ್ಲ ನಾನು ಇವರಿಗೆ ಓದಿ ಹೇಳಿದೆ. ಸಮಾಜ ಪಾಠದ ಮೇಷ್ಟ್ರಿಗೆ ಇತಿಹಾಸ ಹಿಡಿಸಿತು, ಬುದ್ಧಿ ಹಿಡಿಸಲಿಲ್ಲ. ದಿನಕ್ಕೆರಡು ಸಲ ಇದ್ದದ್ದು ನಾಲ್ಕಾಯಿತು, ಆರಾಯಿತು. ಮಾತಾಡುವ ಮುಂಚೆ ಒಂದು ಸಲ, ಫೋನ್ ಎತ್ತುವ ಮುಂಚೆ ಒಂದು ಸಲ. "ರೀ, ಫೋನಲ್ಲಿ ವಾಸನೆ ಹೋಗಲ್ಲ" ಅಂದರೆ, "ಆತ್ಮವಿಶ್ವಾಸ ಕಣೇ" ಅನ್ನುತ್ತಿದ್ದರು.

ಬಾಟಲಿ ಒಂದು ಅಪಘಾತವನ್ನೂ ಮಾಡಿತು. ಊರಿಂದ ಇವರ ಚಿಕ್ಕಪ್ಪ ಬಂದಿದ್ದರು. ಮುಚ್ಚಳದಲ್ಲಿ ಅಳತೆಗೆ ಬಗ್ಗಿಸಿಟ್ಟಿದ್ದ ನೀರನ್ನು ಬಚ್ಚಲ ಗೂಡಿನಲ್ಲಿ ನೋಡಿ, ಅಣ್ಣನ ಮಗ ತನಗಾಗಿಯೇ ಏನೋ ಕಷಾಯ ಇಟ್ಟಿದ್ದಾನೆ ಎಂದುಕೊಂಡು, ಬಲಗೈಗೆ ಸುರಿದುಕೊಂಡು, ತೀರ್ಥದ ಹಾಗೆ ಮೂರು ಸಲ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡು ಹೊರಬಂದರು. "ಕರ್ಪೂರ ಸ್ವಲ್ಪ ಜಾಸ್ತಿಯಾಯ್ತು" ಅಂದರು. ನಾವೆಲ್ಲ ಕಂಗಾಲು. ಡಾಕ್ಟರಿಗೆ ಫೋನ್ ಮಾಡಿದರೆ, ದೊಡ್ಡವರ ಹೊಟ್ಟೆಗೆ ಒಂದು ಮುಚ್ಚಳ ಹೋದರೆ ಸ್ವಲ್ಪ ಹೊಟ್ಟೆ ತೊಳಸೀತು, ಅಷ್ಟೇ ಎಂದರು. ಆಮೇಲೆ ದನಿ ಗಟ್ಟಿ ಮಾಡಿ ಕೇಳಿದರು: "ಮೊಮ್ಮಗಳು ಇದ್ದಾಳಲ್ಲ, ಬಾಟಲಿ ಎಲ್ಲಿಟ್ಟಿದ್ದೀರಿ?"

ನನ್ನ ಎದೆ ಧಸಕ್ಕೆಂದದ್ದು ಆಗ. ಆ ನೀಲಿ, ಆ ಪುದೀನ ಸಿಹಿ, ಮಕ್ಕಳ ಕಣ್ಣಿಗೆ ಶರಬತ್ತೇ ಅಲ್ಲವೇ? ಇಂಥ ಕೆಲವು ನೀರಿನಲ್ಲಿ ಕಾಲು ಪಾಲಿನಷ್ಟು ಆಲ್ಕೋಹಾಲ್ ಇರುತ್ತದೆ. ಬಿಯರಿನಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು. ಮಗು ಎರಡು ಗುಟುಕು ಹೆಚ್ಚು ಕುಡಿದರೆ ರಕ್ತದಲ್ಲಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಆಲ್ಕೋಹಾಲ್ ಇಲ್ಲದ್ದಾದರೂ ಫ್ಲೋರೈಡ್ ಇದ್ದರೆ ನುಂಗಿಬಿಡುವ ವಯಸ್ಸಿನ ಮಕ್ಕಳಿಗೆ ಅದೂ ಬೇಡ. ಆರು ವರ್ಷದೊಳಗಿನ ಮಕ್ಕಳಿಗೆ ಬಾಯಿ ಮುಕ್ಕಳಿಸುವ ಔಷಧಿ ಕೊಡಬೇಡಿ ಎನ್ನುವುದು ಇದಕ್ಕೇ; ಉಗಿಯುವುದನ್ನೂ ಕಲಿಯಬೇಕಾದ ವಯಸ್ಸು ಅದು. ಈ ಭಾಗ ಹರಟೆಯಲ್ಲ, ನಗದೆ ಓದಿ. ಮಗು ಕುಡಿದದ್ದು ಗೊತ್ತಾದರೆ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ಎಷ್ಟು ಖಾಲಿಯಾಗಿದೆ ಅಂತ ಅವರು ನೋಡಬೇಕು.

ಇನ್ನು ಕುಡಿಯದೆ ಬರೀ ಮುಕ್ಕಳಿಸಿದವರ ಪಾಡು. ಬಾಯಲ್ಲಿ ಉಳಿದ ಆಲ್ಕೋಹಾಲ್ ಆರಲು ಹತ್ತು ಹದಿನೈದು ನಿಮಿಷ ಬೇಕು. ಅಷ್ಟರೊಳಗೆ ರಸ್ತೆ ಮೂಲೆಯಲ್ಲಿ ಪೊಲೀಸಪ್ಪ "ಊದಿ" ಎಂದು ಯಂತ್ರ ಹಿಡಿದರೆ, ಜನ್ಮದಲ್ಲಿ ಹೆಂಡ ಮುಟ್ಟದವನಿಗೂ ಅಂಕ ಬೀಳಬಹುದು. ವಿಮಾನ ಹಾರಿಸುವವರಿಗಂತೂ 2023ರಲ್ಲಿ ನಮ್ಮ ದೇಶದ ವಿಮಾನಯಾನ ಮಹಾನಿರ್ದೇಶನಾಲಯ ಆಲ್ಕೋಹಾಲ್ ಇರುವ ಮೌತ್‌ವಾಶ್, ಹಲ್ಲಿನ ಜೆಲ್ ಬಳಸಲೇಬಾರದು ಎಂದು ನಿಯಮವನ್ನೇ ಮಾಡಿತು. ಆಲ್ಕೋಹಾಲ್ ಬಾಯಿಯನ್ನು ಒಣಗಿಸುತ್ತದೆ ಅನ್ನುವುದು ಇನ್ನೊಂದು ತಮಾಷೆ. ಒಣಬಾಯಿಯೇ ವಾಸನೆಯ ತವರು. ಅಂದರೆ ಇವರು ಆರು ಸಲ ಮುಕ್ಕಳಿಸಿ, ಏಳನೇ ಸಲದ ಅಗತ್ಯವನ್ನು ತಾವೇ ಬೆಳೆಸುತ್ತಿದ್ದರು.

ಬಾಯಿ ಉರಿಯುತ್ತದೆಂದು ಇವರು ಬಾಟಲಿ ಬದಲಾಯಿಸಿದ ಮೇಲೆ ನಮ್ಮ ದಾಂಪತ್ಯಕ್ಕೆ ನಿಜವಾದ ಕುತ್ತು ಬಂತು. ಗೆಳೆಯರೊಬ್ಬರಿಗೆ ಹಲ್ಲು ಕಿತ್ತಾಗ ಡಾಕ್ಟರು ಬರೆದುಕೊಟ್ಟಿದ್ದ ಔಷಧಿಯ ಹೆಸರು ಕೇಳಿಕೊಂಡು, ತಾವೇ ಡಾಕ್ಟರಾಗಿ, ಮೆಡಿಕಲ್ ಶಾಪಿನಿಂದ ತಂದರು. ಗುಲಾಬಿ ಬಣ್ಣ, ಉರಿಯೂ ಇಲ್ಲ. ಒಂದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ಡಿಕಾಕ್ಷನ್ ತೆಳುವಾಗಿದೆ" ಅಂದರು. ಗಟ್ಟಿ ಮಾಡಿದೆ. "ಏನೋ ಲೋಹದ ರುಚಿ" ಅಂದರು. ಫಿಲ್ಟರ್ ಹುಣಸೆಹಣ್ಣು ಹಾಕಿ ಉಜ್ಜಿದೆ. "ಪುಡಿ ಹಳೇದು" ಅಂದರು. ಅಂಗಡಿ ಬದಲಾಯಿಸಿದೆ, ಚಿಕೋರಿ ಕಡಿಮೆ ಮಾಡಿದೆ, ಹಾಲಿನವನನ್ನು ಬೈದೆ. ಆ ಬಡಪಾಯಿ ನೀರು ಹಾಕಿಲ್ಲವೆಂದು ಎಮ್ಮೆಯ ಮೇಲೆ ಆಣೆ ಮಾಡಿದ. ಸಾರಿಗೆ ಉಪ್ಪಿಲ್ಲ, ಹುಳಿಗೆ ಹುಳಿಯಿಲ್ಲ. ಕೊನೆಗೆ ಒಂದು ದಿನ, "ನಿನಗೆ ವಯಸ್ಸಾಯ್ತು ಬಿಡು, ಕೈರುಚಿ ಹೋಯ್ತು" ಅಂದೇಬಿಟ್ಟರು. ಮೂರು ದಶಕ ಏಲಕ್ಕಿ ಕೊಟ್ಟವಳಿಗೆ ಈ ಮಾತು! ನಾನು ಎರಡು ದಿನ ಅಡುಗೆಮನೆಗೆ ರಜೆ ಹಾಕಿದೆ.

ಅಷ್ಟರಲ್ಲಿ ಹಲ್ಲೂ ಬಣ್ಣ ತಿರುಗಿತು. ಬೀಡಿ ಸೇದದವರ ಬಾಯಲ್ಲಿ ಬೀಡಿ ಸೇದಿದ ಬಣ್ಣ. ಆಗ ಮಾತ್ರ ಹೆದರಿ ಹಲ್ಲಿನ ಡಾಕ್ಟರ ಹತ್ತಿರ ಹೊರಟರು. ಆ ಡಾಕ್ಟರು ಇವರ ಹಳೆಯ ಶಿಷ್ಯೆ. ಬಾಯಿಗೆ ಕನ್ನಡಿ ಹಾಕಿ ನೋಡಿ, "ಸರ್, ಏನು ಮುಕ್ಕಳಿಸ್ತಿದ್ದೀರಾ?" ಎಂದಳು. ಹೆಸರು ಹೇಳಿದರು. "ಎಷ್ಟು ದಿನದಿಂದ?" "ಮೂರು ತಿಂಗಳು." ಅವಳು ಮಾಸ್ಕಿನ ಹಿಂದೆ ನಕ್ಕದ್ದು ಕಣ್ಣಲ್ಲೇ ಕಂಡಿತು. ಆ ಔಷಧಿಯಲ್ಲಿರುವುದು ಕ್ಲೋರ್‌ಹೆಕ್ಸಿಡಿನ್. ಒಸಡಿನ ಕ್ರಿಮಿಗೆ ಒಳ್ಳೆಯ ಮದ್ದೇ, ಆದರೆ ಡಾಕ್ಟರು ಹೇಳಿದಾಗ, ಒಂದೆರಡು ವಾರಕ್ಕೆ. ಹೆಚ್ಚು ದಿನ ಬಳಸಿದರೆ ಹಲ್ಲಿಗೆ, ನಾಲಿಗೆಗೆ ಕಂದು ಬಣ್ಣ ಹಿಡಿಯುತ್ತದೆ. ಕಾಫಿ ಟೀ ಕುಡಿಯುವವರಿಗೆ ಇನ್ನೂ ಜಾಸ್ತಿ. "ಮತ್ತೆ ನಾಲಿಗೆ ರುಚಿ ಕೆಡುತ್ತೆ ಸರ್. ಉಪ್ಪು, ಕಹಿ ಸರಿಯಾಗಿ ತಿಳಿಯಲ್ಲ. ಊಟ ಸಪ್ಪೆ ಅನ್ನಿಸ್ತಿತ್ತಾ?"

ನಾನು ಕುರ್ಚಿಯಿಂದ ಎದ್ದು ನಿಂತೆ. "ಇನ್ನೊಂದು ಸಲ ಹೇಳಮ್ಮ, ಜೋರಾಗಿ ಹೇಳು" ಅಂದೆ. ಇವರು ಬಾಯಿ ತೆರೆದೇ ಇದ್ದದ್ದರಿಂದ ಉತ್ತರ ಕೊಡಲು ಅನುಕೂಲವಿರಲಿಲ್ಲ. ಹಾಲಿನವನ ಎಮ್ಮೆಗೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಆ ಹುಡುಗಿ ಪುಣ್ಯಾತ್ಗಿತ್ತಿ, ಅರ್ಧ ಗಂಟೆ ಕೂತು ಬಿಡಿಸಿ ಹೇಳಿದಳು. ಬಾಯಿ ನಾರುವವರು ಎಲ್ಲರೂ ಹೇಳುವ ಮೊದಲ ಮಾತು "ಹೊಟ್ಟೆ ಸರಿಯಿಲ್ಲ". ಪಾಪದ ಹೊಟ್ಟೆ! ಹತ್ತರಲ್ಲಿ ಎಂಟೊಂಬತ್ತು ಜನರ ವಾಸನೆ ಹುಟ್ಟುವುದು ಬಾಯಲ್ಲೇ. ನಾಲಿಗೆಯ ಹಿಂಭಾಗ, ಗಂಟಲ ಹತ್ತಿರದ ಒರಟು ಜಾಗ, ಅಲ್ಲಿ ಹಳೆಯ ಕಲ್ಯಾಣಿಯ ಮೆಟ್ಟಿಲಿಗೆ ಪಾಚಿ ಹಿಡಿದ ಹಾಗೆ ಒಂದು ಬಿಳಿ ಪದರ. ಆಮೇಲೆ ಒಸಡಿನ ಸಂದಿ, ಹುಳುಕು ಹಲ್ಲಿನ ಗುಂಡಿ, ಹಲ್ಲಿನ ನಡುವೆ ನಿನ್ನೆಯ ಊಟ. ಗಾಳಿ ತಾಗದ ಈ ಮೂಲೆಗಳಲ್ಲಿ ಬ್ಯಾಕ್ಟೀರಿಯಾಗಳು ಅನ್ನದ ಚೂರು, ಸತ್ತ ಜೀವಕೋಶ ತಿಂದು ಗಂಧಕದ ಅನಿಲ ಬಿಡುತ್ತವೆ. ಅದರಲ್ಲೊಂದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆ. ಇನ್ನೊಂದು ಮೀಥೈಲ್ ಮರ್ಕ್ಯಾಪ್ಟನ್, ಕೊಳೆತ ಎಲೆಕೋಸು. ಎರಡೂ ಸೇರಿದರೆ ರಾಕ್ಷಸನ ಗುಹೆ. ಹಗಲು ಜೊಲ್ಲು ಹರಿದು ಬಾಯಿ ತೊಳೆಯುತ್ತಲೇ ಇರುತ್ತದೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ತನಕ. ರಾತ್ರಿ ಆ ನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಎದ್ದಾಗಿನ ಬಾಯಿ ಎಲ್ಲರದೂ ಒಂದೇ, ಅದಕ್ಕೆ ಯಾರೂ ಸಂಕಟಪಡಬೇಕಿಲ್ಲ. ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುವವರದ್ದು ಮಾತ್ರ ಸ್ವಲ್ಪ ಪ್ರತ್ಯೇಕ. ನಾನು ಯಾರ ಹೆಸರೂ ಹೇಳುವುದಿಲ್ಲ.

ಈ ಪಾಚಿಯ ಮೇಲೆ ನೀಲಿ ನೀರು ಸುರಿಯುವುದು ಸ್ನಾನ ಮಾಡದವನು ಅತ್ತರು ಪೂಸಿಕೊಂಡ ಹಾಗೆ. ಪುದೀನದ ಘಮ ಅರ್ಧ ಗಂಟೆ, ಒಂದು ಗಂಟೆ ನಿಂತೀತು. ಕೆಳಗಿನ ಕಾರ್ಖಾನೆ ನಡೆಯುತ್ತಲೇ ಇರುತ್ತದೆ. ಹಲ್ಲುನೋವು, ಒಸಡಿನ ರಕ್ತ ಇದ್ದು ಅದನ್ನು ಮುಚ್ಚಿಟ್ಟುಕೊಂಡರೆ ಇನ್ನೂ ಕಷ್ಟ. ಇವರ ಬಾಯಲ್ಲಿ ಕೆಳಗಿನ ಹಲ್ಲುಗಳ ಹಿಂದೆ ವರ್ಷಾನುಗಟ್ಟಲೆಯ ಕಿಟ್ಟ ಗಾರೆಯ ಹಾಗೆ ಕೂತಿತ್ತು. ತೆಗೆಸಿ ಎಂದರೆ, "ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತಂತಲ್ಲಮ್ಮ" ಎಂದು ನಮ್ಮೂರಿನ ಪುರಾತನ ಸಿದ್ಧಾಂತ ಮಂಡಿಸಿದರು. "ಅಲ್ಲಾಡಿಸೋದು ಆ ಕಿಟ್ಟ ಸರ್. ಒಸಡನ್ನ ತಿಂದು ಹಾಕ್ತಿದೆ. ಕಿಟ್ಟವೇ ಗೋಡೆಯ ಹಾಗೆ ಹಿಡಿದುಕೊಂಡಿದೆ ಅಂತ ನಿಮಗನ್ನಿಸ್ತಿದೆ ಅಷ್ಟೇ" ಅಂದಳು. ಶಿಷ್ಯೆಗೆ ಮೇಷ್ಟ್ರು ಸೋತರು.

ಬೆಳ್ಳುಳ್ಳಿಯ ಕಥೆ ಬೇರೆಯೇ. ಅದರ ಗಂಧಕದ ಒಂದು ಅಂಶ ಹೊಟ್ಟೆಯಿಂದ ರಕ್ತಕ್ಕೆ ಇಳಿದು, ಅಲ್ಲಿಂದ ಶ್ವಾಸಕೋಶಕ್ಕೆ ಹತ್ತಿ, ಉಸಿರಿನಲ್ಲಿ ಹೊರಗೆ ಬರುತ್ತದೆ. ಬಾಯಿ ಎಷ್ಟು ತೊಳೆದರೂ ಉಪಯೋಗವಿಲ್ಲ. ಮನೆ ಬಾಗಿಲು ತೊಳೆದರೆ ಹೊಗೆಕೊಳವೆಯ ಹೊಗೆ ನಿಲ್ಲುತ್ತದೆಯೇ? ಊಟದ ಜೊತೆ ಹಾಲು ಕುಡಿದರೆ, ಸೇಬು ತಿಂದರೆ, ಪುದೀನ ಸೊಪ್ಪು ಅಗಿದರೆ ಒಂದಿಷ್ಟು ತಗ್ಗುತ್ತದಂತೆ. ನನ್ನ ಪ್ರಕಾರ ಉತ್ತಮ ಉಪಾಯ ಮನೆಮಂದಿಯೆಲ್ಲ ಬೆಳ್ಳುಳ್ಳಿ ಚಟ್ನಿ ತಿಂದುಬಿಡುವುದು.

ನಿಜಕ್ಕೂ ಒಳಗಿನ ರೋಗ ಹೇಳುವ ವಾಸನೆಯೂ ಇದೆ. ಸಕ್ಕರೆ ಕಾಯಿಲೆ ಕೈಮೀರಿದವರ ಉಸಿರಿನಲ್ಲಿ ಅತಿಯಾಗಿ ಹಣ್ಣಾದ ಹಣ್ಣಿನ, ಉಗುರಿನ ಬಣ್ಣ ಅಳಿಸುವ ದ್ರಾವಣದ ವಾಸನೆ ಬಂದರೆ, ಜೊತೆಗೆ ವಾಂತಿ, ಸುಸ್ತು, ಏದುಸಿರು ಇದ್ದರೆ, ಹಲ್ಲುಜ್ಜಿಕೊಂಡು ಕೂರದೆ ಆಸ್ಪತ್ರೆಗೆ ಹೊರಡಿ. ಮೂತ್ರಪಿಂಡ ಸೋತವರ ಬಾಯಲ್ಲಿ ಅಮೋನಿಯಾ. ಸೈನಸ್ ತೊಂದರೆಯೂ, ಟಾನ್ಸಿಲ್ ಸಂದಿಯಲ್ಲಿ ಕಟ್ಟುವ ಸಣ್ಣ ಬಿಳಿ ಕಲ್ಲುಗಳೂ ವಾಸನೆ ಹುಟ್ಟಿಸುತ್ತವೆ. ಹಲ್ಲು ಸ್ವಚ್ಛವಾದ ಮೇಲೂ ಹೋಗದಿದ್ದರೆ ಹುಡುಕಬೇಕಾದ್ದು ಇಲ್ಲಿ.

ನನ್ನ ಮಗಳು ಇನ್ನೊಂದು ಸುದ್ದಿ ತಂದಳು. 2013ರಲ್ಲಿ ಲಂಡನ್ನಿನವರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆರೋಗ್ಯವಂತ 19 ಜನ ಒಂದು ವಾರ ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಸಿದರು. ರಕ್ತದ ಒತ್ತಡ 2ರಿಂದ 3.5ರಷ್ಟು ಏರಿತು. ಸೊಪ್ಪು, ಬೀಟ್‌ರೂಟಿನ ನೈಟ್ರೇಟನ್ನು ರಕ್ತನಾಳ ಸಡಿಲಿಸುವ ವಸ್ತುವಾಗಿ ಮಾಡಿಕೊಡುವ ಸಾಧು ಬ್ಯಾಕ್ಟೀರಿಯಾಗಳೂ ನಾಲಿಗೆಯ ಮೇಲೆ ವಾಸವಾಗಿವೆ. ದುಷ್ಟರ ಜೊತೆ ಅವೂ ಸತ್ತವು. ಹತ್ತೊಂಬತ್ತೇ ಜನರ ಸಣ್ಣ ಅಧ್ಯಯನ, ಇದೊಂದನ್ನೇ ಹಿಡಿದು ಎದೆ ಹೊಡೆದುಕೊಳ್ಳಬೇಕಿಲ್ಲ. ಆದರೂ ಒಂದು ಕೈಯಲ್ಲಿ ಬಿಪಿ ಮಾತ್ರೆ, ಇನ್ನೊಂದು ಕೈಯಲ್ಲಿ ಗುಲಾಬಿ ನೀರು ಹಿಡಿದಿದ್ದ ಇವರ ಚಿತ್ರ ನೆನೆದು ನನಗೆ ನಗು ತಡೆಯಲಾಗಲಿಲ್ಲ. ಆಲ್ಕೋಹಾಲಿನ ಮೌತ್‌ವಾಶಿನಿಂದ ಬಾಯಿ ಕ್ಯಾನ್ಸರ್ ಬರುತ್ತದೆಯೇ ಅನ್ನುವ ಜಗಳವಂತೂ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ.

ಇಷ್ಟೆಲ್ಲ ಆದ ಮೇಲೆ ಡಾಕ್ಟರು ಬರೆದುಕೊಟ್ಟದ್ದೇನು? ನಾಲಿಗೆ ಕೆರೆಯುವ ಪಟ್ಟಿ. ಅತ್ತೆ ಗೆದ್ದರು. ಅವರ ಬಳಿ ತಾಮ್ರದ್ದೊಂದು ಇದೆ, ಬಾಗಿದ ಬಿಲ್ಲಿನಂಥದ್ದು. ಬೆಳಿಗ್ಗೆ ಅವರು ಅದನ್ನು ಹಿಡಿದು 'ವ್ಯಾ' ಎಂದರೆ ಪಕ್ಕದ ಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಚರಕ ಸಂಹಿತೆಯಲ್ಲೇ ನಾಲಿಗೆ ಕೆರೆಯುವುದಕ್ಕೆ ಚಿನ್ನ, ಬೆಳ್ಳಿ, ತಾಮ್ರ, ತವರ, ಹಿತ್ತಾಳೆ ಎಂದು ಲೋಹಗಳ ಪಟ್ಟಿ ಇದೆ. ಚಿನ್ನದ ಈಗಿನ ರೇಟಿನಲ್ಲಿ ನಾವು ಸ್ಟೀಲಿಗೆ ಒಪ್ಪಿಕೊಂಡೆವು.

ಅದೇ ಚರಕ ಬಾಯಿ ಘಮ್ಮೆನ್ನಲು ಏಲಕ್ಕಿ, ಲವಂಗ, ಜಾಯಿಕಾಯಿ, ಕರ್ಪೂರ, ವೀಳ್ಯದೆಲೆಯ ಜೊತೆ ಅಡಿಕೆಯನ್ನೂ ಹೇಳುತ್ತಾನೆ ಎಂದು ಅತ್ತೆ ಎಲೆಪೆಟ್ಟಿಗೆ ತೆರೆದುಕೊಂಡು ಕೂತರು. ಇಲ್ಲಿ ನಾನು ಸ್ವಲ್ಪ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳು ನಾನು. ಓದಿದ್ದು, ಮದುವೆಯಾದದ್ದು ಎಲ್ಲ ಅಡಿಕೆಯ ದುಡ್ಡಿನಲ್ಲಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ, ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಇದನ್ನು ಅತ್ತೆಗೆ ಹೇಳಿದರೆ, "ಎಂಬತ್ತೆಂಟು ವರ್ಷದಿಂದ ದಾರಿ ಕಾಯ್ತಿದೀನಿ, ಬಂದಿಲ್ಲ" ಅನ್ನುತ್ತಾರೆ. ತವರಿಗೆ ಹೇಳಿದರೆ ಮುಂದಿನ ಹಬ್ಬಕ್ಕೆ ಕರೆಯುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ನೀವು ಅವರಿಗೆ ಓದಿ ಹೇಳಬೇಡಿ.

ಉಳಿದ ಮದ್ದೆಲ್ಲ ಬೇಸರ ತರಿಸುವಷ್ಟು ಸಾಮಾನ್ಯ. ರಾತ್ರಿ ಮಲಗುವ ಮುಂಚೆ ಬ್ರಷ್ಷು, ಸಂದಿಗೆ ದಾರ ಅಥವಾ ಸಣ್ಣ ಬ್ರಷ್ಷು, ಆಗಾಗ ನೀರು, ಊಟವಾದ ಮೇಲೆ ನಮ್ಮ ಅಜ್ಜಂದಿರು ಮಾಡುತ್ತಿದ್ದ ಹಾಗೆ ಹನ್ನೆರಡು ಸಲ ಬಾಯಿ ಮುಕ್ಕಳಿಸುವುದು. ಹಲ್ಲುಸೆಟ್ಟು ಇರುವವರು ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿ ಮುಳುಗಿಸಿಡಬೇಕು; ಕಾಫಿ ಲೋಟದಲ್ಲಿ ಬೇಡ, ಅದರದ್ದೊಂದು ಬೇರೆ ಕಥೆ ನಮ್ಮ ಮನೆಯಲ್ಲಿದೆ. ಮೌತ್‌ವಾಶ್ ಬೇಕೇ ಬೇಕು ಅನ್ನುವವರು ಆಲ್ಕೋಹಾಲ್ ಇಲ್ಲದ್ದು ತಂದು, ಮುಚ್ಚಳದಲ್ಲಿ ಅಳೆದು, ಅರ್ಧ ನಿಮಿಷ ಆಡಿಸಿ ಉಗಿಯಿರಿ. ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜಿದ ಕೂಡಲೇ ಮುಕ್ಕಳಿಸಿದರೆ ಪೇಸ್ಟಿನ ಒಳ್ಳೆಯದೂ ತೊಳೆದುಹೋಗುತ್ತದೆ, ಅದಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ.

ನಮಗೂ ಇದೆಯೇ ಎಂದು ಈಗ ನಿಮಗೆ ಅನುಮಾನ ಬಂದಿರುತ್ತದೆ. ಅಂಗೈಗೆ ಊದಿ ಮೂಸಿ ನೋಡುತ್ತಿದ್ದೀರಿ, ಗೊತ್ತು. ಅದರಿಂದ ತಿಳಿಯುವುದು ಕಷ್ಟ. ಮುಂಗೈಯ ಒಳಮೈ ನೆಕ್ಕಿ, ಹತ್ತು ಸೆಕೆಂಡು ಆರಲು ಬಿಟ್ಟು ಮೂಸಿ; ಇಲ್ಲವೇ ಚಮಚದಲ್ಲಿ ನಾಲಿಗೆಯ ಹಿಂಭಾಗ ಕೆರೆದು ಮೂಸಿ. ಇದಕ್ಕೆಂದೇ ಓದಿದ ತಜ್ಞರೂ ಕೊನೆಗೆ ಮಾಡುವುದು ಇಷ್ಟೇ: ಎದುರು ಕೂತು ತಮ್ಮ ಮೂಗಿನಿಂದ ಮೂಸಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ವಾಸನೆಯೇ ಇಲ್ಲದೆ ಇದೆ ಇದೆ ಎಂದು ಕೊರಗಿ, ಜನರಿಂದ ದೂರ ಸರಿದು, ದಿನವಿಡೀ ಬಾಯಿ ತೊಳೆಯುವವರೂ ಇದ್ದಾರೆ. ಅವರಿಗೆ ಬೇಕಾದ್ದು ಬೇರೆ ಡಾಕ್ಟರು. ಆದ್ದರಿಂದ ಮನೆಯಲ್ಲಿ ನಿಮ್ಮ ಮೇಲೆ ಮುನಿಸಿಕೊಳ್ಳುವ ಹಕ್ಕಿರುವ ಒಬ್ಬರನ್ನು ಕರೆದು ನೇರ ಕೇಳಿಬಿಡಿ. ಆರು ವರ್ಷದವರು ಸಿಕ್ಕರೆ ಇನ್ನೂ ಒಳ್ಳೆಯದು.

ಕಿಟ್ಟ ತೆಗೆಸಿ ಹೊರಡುವಾಗ ಇವರು ಶಿಷ್ಯೆಯನ್ನು ಕೇಳಿದರು: "ಎಂಟನೇ ಕ್ಲಾಸಲ್ಲಿ ನೀನು ಫಸ್ಟ್ ಬೆಂಚಲ್ವಾ? ಆಮೇಲೆ ಹಿಂದಿನ ಬೆಂಚಿಗೆ ಯಾಕೆ ಹೋದೆ?" ಅವಳು ಮಾಸ್ಕ್ ಸರಿಮಾಡಿಕೊಂಡು, "ದೂರದೃಷ್ಟಿ ಸರ್" ಅಂದಳು. ಕಣ್ಣಿನ ವಿಷಯ ಹೇಳುತ್ತಿದ್ದಾಳೆ ಎಂದುಕೊಂಡು ಇವರು ಆಶೀರ್ವಾದ ಮಾಡಿ ಬಂದರು. ನಾನು ಇನ್ನೂ ಬಿಡಿಸಿ ಹೇಳಿಲ್ಲ.

ಈಗ ಕಾಫಿಗೆ ರುಚಿ ವಾಪಸ್ಸು ಬಂದಿದೆ, ಏಲಕ್ಕಿ ಪಾಯಸಕ್ಕೆ ಉಳಿಯುತ್ತಿದೆ. ನೀಲಿ ಬಾಟಲಿಯಲ್ಲಿ ಇನ್ನೂ ಅರ್ಧ ಇದೆ. ಮೊಮ್ಮಗಳ ಕೈಗೆ ಸಿಗದ ಹಾಗೆ ಅಟ್ಟದ ಮೇಲೆ ಹಾಕಿದ್ದೇನೆ. ಬೇಕಾದವರು ಬಂದು ತೆಗೆದುಕೊಂಡು ಹೋಗಬಹುದು. ಆದರೆ ಗುಟ್ಟಾಗಿ ಕಿವಿಯಲ್ಲಿ ಕೇಳಬೇಡಿ, ಗೇಟಿನ ಹತ್ತಿರ ನಿಂತು ಕೂಗಿ.